ಕಲ್ಲುಬೀಗರು

ನೆಲ ನಡುಗಿ ಬಿದ್ದ ಕಲ್ಲು ನಮ್ಮ ಊರಿನಲ್ಲಿ ನಮ್ಮ ಕೈಗೆ ಏಳುವುದಿಲ್ಲ. ಮಳೆಗೆ ಕುಸಿದ ಗೋಡೆಯನ್ನು ನಾವೇ ಎತ್ತಿ ಕಟ್ಟುತ್ತೇವೆ, ಹಳೆಯ ಮನೆಯನ್ನು ನಾವೇ ಕೆಡವಿ ಕಲ್ಲು ಸಾಗಿಸುತ್ತೇವೆ, ಅದಕ್ಕೇನೂ ತೊಂದರೆಯಿಲ್ಲ. ಭೂಕಂಪ ಕೆಡವಿದ್ದು ಮಾತ್ರ ಕದಲುವುದಿಲ್ಲ. ಹಾರೆ ಹಾಕಿದರೆ ಹಾರೆ ಬಾಗುತ್ತದೆ. ನಾನು ಈ ಊರಿಗೆ ಸೊಸೆಯಾಗಿ ಬಂದ ಹೊಸತರಲ್ಲಿ ಪುರಸಭೆಯವರು ರಾಜಧಾನಿಯಿಂದ ಒಂದು ಜೆಸಿಬಿ ತರಿಸಿದ್ದರು. ನಮ್ಮೂರ ಡ್ರೈವರ್ ಹತ್ತಿ ಕೂತು ಬಿದ್ದ ಗೋಡೆಯೊಂದಕ್ಕೆ ಬಾಯಿ ಹಾಕಿಸಿದ. ಯಂತ್ರ ಕಪ್ಪು ಹೊಗೆ ಕಾರಿತು, ಹಿಂದಿನ ಗಾಲಿಗಳನ್ನು ಎತ್ತಿಕೊಂಡು ನಿಂತಿತು, ಕಲ್ಲು ಮಾತ್ರ ಇದ್ದಲ್ಲೇ ಇತ್ತು. ಹೊಳೆಯಾಚೆಯ ಡ್ರೈವರ್ ಬಂದು ಅದೇ ಸೀಟಿನಲ್ಲಿ ಕೂತ. ಹಿತ್ತಿಲಲ್ಲಿ ಹೂ ಬಿಡಿಸಿದಷ್ಟು ಸಲೀಸಾಗಿ ಗೋಡೆಯನ್ನೆಲ್ಲ ಎತ್ತಿ ಪಕ್ಕಕ್ಕಿಟ್ಟ. ನಮ್ಮ ಡ್ರೈವರ್ ಅವನಿಗೆ ಟೀ ತಂದುಕೊಟ್ಟ. ಅಂದಿನಿಂದ ಆ ಯಂತ್ರದ ಕೀಲಿಕೈ ಆಚೆ ದಡದಲ್ಲೇ ಇರುತ್ತದೆ.

ಹೊಳೆಯಾಚೆಯವರ ಕಥೆಯೂ ಇದೇ, ಗುಡ್ಡದ ಮೇಲಿನವರ ಕಥೆಯೂ ಇದೇ. ಹೊಳೆ ದಾಟಿದರೆ ಒಂದು ದೇಶ, ಗುಡ್ಡ ಹತ್ತಿದರೆ ಇನ್ನೊಂದು ದೇಶ, ನಡುವೆ ನಾವು. ಅವರ ಬಿದ್ದ ಕಲ್ಲು ಅವರ ಕೈಗೆ ಏಳುವುದಿಲ್ಲ, ನಮ್ಮ ಕೈಗೆ ಏಳುತ್ತದೆ. ನಮ್ಮದು ಅವರ ಕೈಗೆ ಏಳುತ್ತದೆ. ಹಾಗಾಗಿ ಮೂರು ದೇಶಗಳ ನಡುವೆ ಒಂದು ಒಪ್ಪಂದವಿದೆ. ಅದರ ಮೊದಲ ಕಲಮು ನಮ್ಮ ಶಾಲೆಯ ಮಕ್ಕಳಿಗೂ ಬಾಯಿಪಾಠ: ನೆಲ ನಡುಗಿದ ಕೂಡಲೇ ಗಡಿಯ ಗೇಟು ತೆರೆಯಬೇಕು, ಯಾರ ಅಪ್ಪಣೆಗೂ ಕಾಯಬಾರದು. ಇದಕ್ಕೆ ಸಹಿ ಬಿದ್ದದ್ದು ರಾಜಧಾನಿಗಳಲ್ಲಿ. ಅದಕ್ಕೂ ಬಹಳ ಹಿಂದೆ ನಮ್ಮ ಅತ್ತೆಯರ ಅತ್ತೆಯರು ಮಾಡಿಕೊಂಡಿದ್ದ ಏರ್ಪಾಡು ಇನ್ನೊಂದಿದೆ. ಅದಕ್ಕೆ ಕಲ್ಲುಬೀಗತನ ಎಂದು ಹೆಸರು.

ನಮ್ಮೂರಿನ ಒಂದೊಂದು ಮನೆಗೂ ಹೊಳೆಯಾಚೆ ಒಂದು ಜೋಡಿ ಮನೆ ಇದೆ. ಹೆಣ್ಣು ಕೊಟ್ಟು ತಂದು ಆದ ನೆಂಟಸ್ತಿಕೆಯಲ್ಲ, ಕಲ್ಲು ಎತ್ತಿ ಆದದ್ದು. ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲೆ, ತಾಲೀಮು ನಡೆಯುತ್ತದೆ. ಆ ದಿನ ಕಲ್ಲುಬೀಗರು ಬಂದು ಮನೆಯನ್ನೆಲ್ಲ ನೋಡುತ್ತಾರೆ. ಯಾರು ಎಲ್ಲಿ ಮಲಗುತ್ತಾರೆ, ಒಲೆ ಯಾವ ಮೂಲೆಯಲ್ಲಿದೆ, ಊಟವಾದ ಮೇಲೆ ವಯಸ್ಸಾದವರು ಯಾವ ಕಂಬಕ್ಕೆ ಒರಗುತ್ತಾರೆ, ಮಕ್ಕಳು ಏಟು ತಪ್ಪಿಸಿಕೊಳ್ಳಲು ಎಲ್ಲಿ ಹೋಗಿ ಅಡಗುತ್ತಾರೆ, ಎಲ್ಲವನ್ನೂ ಕೇಳುತ್ತಾರೆ. ಬಿದ್ದ ಮೇಲೆ ಯಾವ ಮನೆಯಾದರೂ ಒಂದು ರಾಶಿ ಅಷ್ಟೆ. ಆ ರಾಶಿಯಲ್ಲಿ ಮೊದಲ ಕಲ್ಲನ್ನು ಎಲ್ಲಿ ಎತ್ತಬೇಕು ಎನ್ನುವುದು ಎತ್ತುವವರಿಗೆ ಗೊತ್ತಿರಬೇಕು. ಬರೆದಿಡುವ ಪದ್ಧತಿಯಿಲ್ಲ. ಬಂದು, ನೋಡಿ, ಮುಟ್ಟಿ, ತಲೆಯಲ್ಲಿಟ್ಟುಕೊಂಡು ಹೋಗಬೇಕು. ಆಮೇಲೆ ಮಂಚವೋ ಒಲೆಯೋ ಜಾಗ ಬದಲಿಸಿತೆಂದರೆ ಮನೆಯವರು ಮುಂದಿನ ಸಂತೆಗೆ ಸೇತುವೆ ದಾಟಿ ಹೋಗಿ ಹೇಳಿಬರಬೇಕು. ಇದರಿಂದ ಒಂದು ವಿಚಿತ್ರವೂ ಹುಟ್ಟಿಕೊಂಡಿದೆ. ನಮ್ಮೂರಿನಲ್ಲಿ ಪಕ್ಕದ ಮನೆಯ ಒಲೆ ಎಲ್ಲಿದೆಯೆಂದು ಯಾರಿಗೂ ಗೊತ್ತಿರುವುದಿಲ್ಲ, ಕೇಳುವುದೂ ಸಭ್ಯತೆಯಲ್ಲ. ಪಡಸಾಲೆ ದಾಟಿ ಒಳಗೆ ಬರುವ ಹಕ್ಕು ಕಲ್ಲುಬೀಗರದು.

ನಮ್ಮ ಮನೆಯ ಕಲ್ಲುಬೀಗತಿ ಫಕೀರವ್ವ. ಹತ್ತಿ ಬೆಳೆಯುವ ಮನೆತನ, ನನಗಿಂತ ಏಳೆಂಟು ವರ್ಷ ದೊಡ್ಡವಳು, ಅಗಲ ಹೆಗಲಿನ ಹೆಂಗಸು. ಭಾಷೆ ನಮ್ಮದೇ, ಧಾಟಿ ಬೇರೆ, ದನಿ ನಮ್ಮದರ ಎರಡರಷ್ಟು. ನಾನು ಬಂದ ಮೊದಲ ವರ್ಷದ ತಾಲೀಮಿನಲ್ಲಿ ಅವಳು ನೇರವಾಗಿ ನನ್ನ ಕೋಣೆಗೆ ನುಗ್ಗಿ, ತವರಿನಿಂದ ತಂದ ನನ್ನ ಟ್ರಂಕಿನ ಮೇಲೆ ಕೈಯಿಟ್ಟಳು.

"ಏನ್ ಬೀಗತಿ, ಪೆಟ್ಟಿಗಿ ಇಲ್ಯಾಕ ಇಟ್ಟೀ? ಕಾಲಿಗೆ ಅಡ್ಡ ಆಗತೈತಿ."

"ಅಲ್ಲೇ ಇರಲಿ ಬಿಡಿ ಅಕ್ಕಾ. ಬೆಳಕು ಚೆನ್ನಾಗಿದೆ ಅಲ್ಲಿ."

"ಮ್ಯಾಲ ಮಾಳಗಿ ಬಿದ್ದಾಗ ಬೆಳಕ ತಗೊಂಡ್ ಏನ್ ಮಾಡ್ತೀ?"

ಟ್ರಂಕು ಆ ದಿನವೇ ಜಾಗ ಬದಲಿಸಿತು. ಆಮೇಲೆ ಪ್ರತಿ ವರ್ಷವೂ ಹೀಗೆಯೇ. ಹಾಸಿಗೆ ಎತ್ತಿ ನೋಡುವಳು, ಉಪ್ಪಿನಕಾಯಿ ಜಾಡಿಯ ಮುಚ್ಚಳ ತೆಗೆದು ಮೂಸುವಳು, ಗೋಡೆಗೆ ಕಿವಿಯಿಟ್ಟು ತಟ್ಟುವಳು. ಒಂದು ವರ್ಷ ನನ್ನ ಗಂಡ ಹೊನ್ನಪ್ಪನ ದಿಂಬು ಪಡಸಾಲೆಯ ಬೆಂಚಿನ ಮೇಲಿದ್ದದ್ದನ್ನು ಕಂಡು ನಿಂತುಬಿಟ್ಟಳು.

"ಬೀಗರು ಹೊರಗ್ಯಾಕ ಮಲಗ್ಯಾರ?"

"ಸೆಕೆ ನೋಡಿ ಫಕೀರವ್ವ, ಒಳಗೆ ಗಾಳಿ ಇಲ್ಲ," ಎಂದ ಹೊನ್ನಪ್ಪ.

"ಮಾಘ ಮಾಸದಾಗ ಸೆಕಿ?" ಎಂದು ನನ್ನ ಮುಖ ನೋಡಿದಳು. "ಜಗಳ ಎಷ್ಟು ದಿನ ಇರತೈತಿ ಹೇಳಿಬಿಡ್ರಿ. ನಾ ಒಳಗ ಹುಡುಕಬೇಕೋ, ಹೊರಗ ಹುಡುಕಬೇಕೋ?"

ಹೀಗೆ ನನ್ನ ತಾಯಿಗೂ ಗೊತ್ತಿಲ್ಲದ ನನ್ನ ಮನೆಯ ಸಂಗತಿಗಳು ಇನ್ನೊಂದು ದೇಶದ ಹೆಂಗಸಿಗೆ ಗೊತ್ತಿದ್ದವು. ತಾಲೀಮು ಮುಗಿದು ಅವಳು ಸೇತುವೆ ಹತ್ತಿದಾಗ ನಾನು ನಿಟ್ಟುಸಿರು ಬಿಡುತ್ತಿದ್ದೆ. ನಮ್ಮ ಸರದಿಯಲ್ಲಿ ನಾವು ಅವರ ಮನೆಗೆ ಹೋದಾಗ ನಾನು ಇಷ್ಟೆಲ್ಲ ಕೆದಕುತ್ತಿರಲಿಲ್ಲ. ಅವಳು ತೋರಿಸಿದ್ದನ್ನು ನೋಡಿ, ಶೇಂಗಾ ಹೋಳಿಗೆ ತಿಂದು ಬರುತ್ತಿದ್ದೆ.

ಹೋದ ವರ್ಷ ಮಳೆಗಾಲ ಮುಗಿದ ಮೇಲೆ ಹೊಳೆಯ ನಡುವೆ ಒಂದು ಮರಳುದಿಬ್ಬ ಎದ್ದಿತು. ಇದು ನಮ್ಮದು ಎಂದು ನಮ್ಮ ರಾಜಧಾನಿ ಹೇಳಿತು, ನಮ್ಮದು ಎಂದು ಅವರ ರಾಜಧಾನಿ ಹೇಳಿತು. ನಾಲ್ಕು ಎಮ್ಮೆ ನಿಂತರೆ ತುಂಬಿಹೋಗುವ ಜಾಗ. ಎರಡೂ ಕಡೆಯ ಪತ್ರಿಕೆಗಳಲ್ಲಿ ಅದರ ಫೋಟೋ ದೊಡ್ಡದಾಗಿ ಬಂದದ್ದರಿಂದ ಅದು ದೊಡ್ಡದಾಗಿಯೇ ಕಂಡಿತು. ಸೇತುವೆಯ ಗೇಟಿಗೆ ಬೀಗ ಬಿತ್ತು, ಸಂತೆ ನಿಂತಿತು, ಆ ವರ್ಷದ ತಾಲೀಮೂ ನಿಂತಿತು. ಆಚೆ ದಡದಲ್ಲಿ ಹೆಂಗಸರು ಬಟ್ಟೆ ಒಗೆಯುವುದು ಕಾಣುತ್ತಿತ್ತು, ಯಾರು ಯಾರೆಂದು ಗುರುತು ಸಿಗುತ್ತಿರಲಿಲ್ಲ. ಗುಡ್ಡದ ಕಡೆಯ ದಾರಿ ತೆರೆದೇ ಇತ್ತು. ಆದರೆ ಗುಡ್ಡದವರಿಗೆ ನಮ್ಮ ಮನೆಗಳ ಒಳಗು ಗೊತ್ತಿಲ್ಲ. ಅವರು ಹಗ್ಗ, ರಾಟೆ ತಂದು ಭಾರ ಎತ್ತುವವರು.

ಅದೇ ಹೊತ್ತಿಗೆ ನನ್ನ ಮಗಳು ಕುಮುದಾ ಬಾಣಂತನಕ್ಕೆಂದು ಬಂದಳು. ಹೆಣ್ಣು ಮಗು ಹುಟ್ಟಿತು. ನಮ್ಮ ಅಡುಗೆಮನೆ ಮನೆಯ ಪಡುವಣ ತುದಿಯಲ್ಲಿತ್ತು, ಬಾಣಂತಿ ಕೋಣೆಗೆ ಅಂಟಿಕೊಂಡೇ. ಒಲೆ ಹಚ್ಚಿದರೆ ಹೊಗೆ ನೇರ ಮಗುವಿನ ಕಣ್ಣಿಗೆ ಹೋಗುತ್ತಿತ್ತು. ಹೊನ್ನಪ್ಪ ಸೌದೆ ಒಟ್ಟುತ್ತಿದ್ದ ಮೂಡಣ ತುದಿಯ ಕೋಣೆಯನ್ನು ಖಾಲಿ ಮಾಡಿ, ಅಲ್ಲಿ ಹೊಸ ಒಲೆ ಹಾಕಿ, ಮೇಲೆ ಹೊಗೆಗೂಡು ಕೊರೆದು, ಪಕ್ಕದಲ್ಲಿ ಮಗುವಿಗೆ ನೀರೆರೆಯಲು ಒಂದು ಕಲ್ಲು ಚಪ್ಪಡಿಯನ್ನೂ ಇಟ್ಟುಕೊಟ್ಟ. ಮೊದಲ ದಿನ ಅಲ್ಲಿ ಅನ್ನಕ್ಕಿಟ್ಟಾಗಲೇ ನನಗೆ ನೆನಪಾಯಿತು.

"ರೀ, ಫಕೀರವ್ವಂಗೆ ಹೇಳಬೇಕಿತ್ತು."

"ಗೇಟು ತೆಗೀಲಿ. ನಾನೇ ಹೋಗಿ ಹೇಳಿ ಬರ್ತೀನಿ."

"ಅಲ್ಲೀವರೆಗೆ?"

"ಅಲ್ಲೀವರೆಗೆ ಸ್ವಲ್ಪ ತಡ್ಕೋ ತಾಯಿ ಅಂತ ಭೂಮಿಗೆ ಹೇಳ್ತೀನಿ," ಎಂದು ನಕ್ಕ. ನಾನೂ ನಕ್ಕೆ. ಪಕ್ಕದ ಮನೆಯ ಸೀತಾರಾಮಯ್ಯನವರಿಗೆ ಒಂದು ಮಾತು ಹೇಳಿಡೋಣ ಎಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಒಲೆಯ ಸುದ್ದಿಯನ್ನು ಪಕ್ಕದ ಮನೆಗೆ ಹೇಳುವ ಅಭ್ಯಾಸ ನಮ್ಮೂರಿನವರಿಗೆ ಇಲ್ಲ.

ನಡುಗಿದ್ದು ಬೆಳಗಿನ ತಿಂಡಿಯ ಹೊತ್ತು ಕಳೆದ ಮೇಲೆ. ಕುಮುದಾಗೆ ಜ್ವರ ಬಿಟ್ಟಿರಲಿಲ್ಲವೆಂದು ಹೊನ್ನಪ್ಪ ಅವಳನ್ನು ಆಟೋದಲ್ಲಿ ಊರಿನ ಇನ್ನೊಂದು ತುದಿಯ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದ. ನಾನು ಚಪ್ಪಡಿಯ ಮೇಲೆ ಕಾಲು ಚಾಚಿ, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ ನೀರು ಹಾಕಿ ಮುಗಿಸಿ ಟವಲಿನಲ್ಲಿ ಸುತ್ತುತ್ತಿದ್ದೆ. ಹಂಡೆಯ ನೀರು ಕುದಿಯದೆಯೇ ಕುಣಿಯಿತು. ಅದರ ಅರ್ಥ ನಮ್ಮೂರಿನ ಯಾರಿಗೂ ವಿವರಿಸಬೇಕಿಲ್ಲ. ಏಳಲು ಸಮಯವಿರಲಿಲ್ಲ, ಮಗುವಿನ ಮೇಲೆ ಬಾಗಿದೆ. ಮಾಡು ಇಳಿಯಿತು.

ಕಣ್ಣು ಬಿಟ್ಟಾಗ ಕತ್ತಲೆ. ಮಾಡಿನ ತೊಲೆಯೊಂದು ಹಂಡೆಯ ಮೇಲೆ ಓರೆಯಾಗಿ ನಿಂತು, ನಮ್ಮಿಬ್ಬರಿಗಾಗುವಷ್ಟು ಪೊಟರೆ ಉಳಿಸಿತ್ತು. ಹಂಡೆಯ ನೀರು ಚೆಲ್ಲಿ ಒಲೆ ಆರಿಹೋಗಿತ್ತು. ಇಲ್ಲದಿದ್ದರೆ ಈ ಕಥೆ ಹೇಳಲು ನಾನಿರುತ್ತಿರಲಿಲ್ಲ. ನನ್ನ ಬಲಗಾಲು ಮೊಣಕಾಲಿನ ಕೆಳಗೆ ಕಲ್ಲುಗಳಡಿ ಸಿಕ್ಕಿಕೊಂಡಿತ್ತು. ಮಗು ಅಳುತ್ತಿತ್ತು, ಅದೊಂದೇ ಸಮಾಧಾನ. ಕೈಯಾಡಿಸಿ ನೋಡಿದೆ. ಅದರ ಹೊಟ್ಟೆಯ ಮೇಲೆ, ಟವಲಿನ ಮೇಲೆ, ಹೆಂಚಿನದೊಂದು ಚೂರು. ಅಂಗೈಗಿಂತ ಚಿಕ್ಕದು. ಎತ್ತಲು ಹೋದೆ. ಏಳಲಿಲ್ಲ. ಎರಡೂ ಕೈ ಹಾಕಿದೆ, ಉಗುರು ಹಾಕಿದೆ. ಊರಿನ ಬಂಡೆಯನ್ನೆಲ್ಲ ಹಿಡಿದು ಎಳೆದಂತಾಯಿತು. ಮಗುವಿಗೆ ಮಾತ್ರ ಅದು ಹೆಂಚಿನ ಚೂರಿನಷ್ಟೇ ಭಾರ, ನೋವಿನ ಅಳುವಲ್ಲ ಅದು. ನನಗೆ ಗೊತ್ತಿದ್ದ ನಿಯಮವೇ. ಆದರೂ ಒಂದು ಚೂರು ಹೆಂಚು ಮೊಮ್ಮಗಳ ಮೇಲಿದ್ದು ಅಜ್ಜಿಯ ಕೈಗೆ ಏಳದಿರುವುದು ಹೇಗಿರುತ್ತದೆಂದು ಗೊತ್ತಿರಲಿಲ್ಲ. ಅಷ್ಟರಲ್ಲಿ ಮಗು ಸಿಟ್ಟಿನಿಂದ ಒಮ್ಮೆ ಕಾಲು ಝಾಡಿಸಿತು. ಚೂರು ಹಾರಿ ದೂರ ಬಿತ್ತು.

ಇನ್ನೂ ಹೆಸರಿಟ್ಟಿರಲಿಲ್ಲ ಅದಕ್ಕೆ. ಯಾವ ಊರಿನ ಲೆಕ್ಕಕ್ಕೂ ಸೇರಿರಲಿಲ್ಲವೇನೋ. ಆ ಕತ್ತಲೆಯಲ್ಲಿ ನನಗೆ ನಗು ಬಂತು. "ನೀನೇ ಗಟ್ಟಿ ಕಣೇ," ಎಂದೆ. ಸೆರಗನ್ನು ಚೆಲ್ಲಿದ ನೀರಿನಲ್ಲಿ ಅದ್ದಿ, ಧೂಳು ಹೋಗದಂತೆ ಅದರ ಮೂಗಿನ ಮುಂದೆ ಹಿಡಿದುಕೊಂಡೆ.

ಆಮೇಲೆ ನಗಲು ಏನೂ ಉಳಿಯಲಿಲ್ಲ. ಹೊರಗಿನಿಂದ ಸೀತಾರಾಮಯ್ಯನವರ ದನಿ ಕೇಳಿತು, "ಚೆಲುವಮ್ಮಾ, ಚೆಲುವಮ್ಮಾ" ಎಂದು. ಓಗೊಟ್ಟೆ. ನನ್ನ ದನಿ ನನಗೇ ಹಿಂದಿರುಗಿ ಬಂತು. ಕೇಳಿಸಿದ್ದರೂ ಅವರೇನು ಮಾಡಿಯಾರು? ಅವರ ಕೈಯೂ ನಮ್ಮೂರಿನದೇ. ಗೇಟು ಮುಚ್ಚಿದೆ ಎನ್ನುವುದು ಆಗ ನೆನಪಾಯಿತು. ಬೀಗ ಹಾಕಿ ತಿಂಗಳುಗಳಾಗಿದ್ದವು. ಆಚೆಯ ಕಾವಲಿಗೆ ಹೊಸ ಅಧಿಕಾರಿ ಬಂದಿದ್ದಾನೆ, ಯಾರ ಮಾತನ್ನೂ ಕೇಳುವುದಿಲ್ಲ ಎಂದು ಊರಲ್ಲಿ ಸುದ್ದಿಯಿತ್ತು. ಒಪ್ಪಂದದ ಮೊದಲ ಕಲಮನ್ನು ನಾನು ಮನಸ್ಸಿನಲ್ಲೇ ಹೇಳಿಕೊಂಡೆ, ಮಕ್ಕಳು ಹೇಳುವ ರಾಗದಲ್ಲೇ. ಅದನ್ನು ಯಾರಾದರೂ ನೆನಪಿಟ್ಟಿರಲಿ ಎಂದು ಬೇಡಿಕೊಂಡೆ.

ಎಷ್ಟು ಹೊತ್ತಾಯಿತೋ ತಿಳಿಯದು, ಕಲ್ಲಿನ ಮೇಲೆ ಕಲ್ಲು ಬೀಳುವ ಸದ್ದು ಬಂತು. ಮನೆ ಕುಸಿಯುವ ಸದ್ದಲ್ಲ, ಎತ್ತಿ ಆಚೆಗೆ ಎಸೆಯುವ ಸದ್ದು. ನಮ್ಮೂರಿನಲ್ಲಿ ಬಿದ್ದ ಕಲ್ಲನ್ನು ಯಾರೋ ಎತ್ತುತ್ತಿದ್ದಾರೆಂದರೆ ಅವರು ನಮ್ಮೂರಿನವರಲ್ಲ. ಬಂದಿದ್ದಾರೆ! ಗೇಟು ತೆರೆದಿದೆ! ಮಗುವಿಗೆ ಹೇಳಿದೆ, "ಬಂದ್ರು ಕಣೇ, ಬೀಗರು ಬಂದ್ರು." ಇನ್ನೊಂದು ಸಲ ಕಿವಿಗೊಟ್ಟೆ. ಸದ್ದು ಬರುತ್ತಿದ್ದದ್ದು ಪಡುವಣದಿಂದ. ಮನೆಯ ಅಷ್ಟೂ ಉದ್ದದಾಚೆಯಿಂದ. ಅವರು ಹಳೆಯ ಅಡುಗೆಮನೆಯನ್ನು ಅಗೆಯುತ್ತಿದ್ದರು. ಈ ಹೊತ್ತಿನಲ್ಲಿ ನಾನು ಒಲೆಯ ಮುಂದೆ ಇರುತ್ತೇನೆಂದು ಅವರಿಗೆ ಗೊತ್ತು. ಒಲೆ ಎಲ್ಲಿದೆಯೆಂದು ಅವರಿಗೆ ಗೊತ್ತಿರುವುದು ಹೋದ ತಾಲೀಮಿನ ಮಟ್ಟಿಗೆ. ಅವರು ಮಾಡುತ್ತಿರುವುದರಲ್ಲಿ ಒಂದೂ ತಪ್ಪಿರಲಿಲ್ಲ. ಕೂಗಿದೆ. ಧೂಳಿಗೆ ಗಂಟಲು ಕಟ್ಟಿ ಬರೀ ಗಾಳಿ ಬಂತು. ಮಗುವಿನ ಅಳು ಸಣ್ಣದಾಗಿ, ಆಮೇಲೆ ಬಿಕ್ಕಳಿಕೆಯಷ್ಟೇ ಆಯಿತು. ಅದರ ಮುಖ ಕಾಣುತ್ತಿರಲಿಲ್ಲ. ಎದೆಯ ಮೇಲೆ ಕೈಯಿಟ್ಟು ಉಸಿರು ಎಣಿಸಲು ಹೋಗಿ, ಹೆದರಿಕೆಯಾಗಿ ಬಿಟ್ಟೆ.

ಆಗ ಆ ದನಿ ಕೇಳಿತು. ಎಷ್ಟು ಕಲ್ಲು ಅಡ್ಡವಿದ್ದರೂ ಕೇಳುವ ದನಿ ಅದು.

"ಏ ಈರಪ್ಪಾ! ಅಲ್ಲ್ಯಾಕ ಸಾಯಾಕತ್ತೀರಿ? ಈ ಕಡೆ ಬರ್ರಿ, ಮೂಡಲ ಕಡೆ!"

"ಅಡುಗೆಮನೆ ಅಲ್ಲೇ ಇರೋದಮ್ಮ," ಇದು ಸೀತಾರಾಮಯ್ಯನವರು. "ನಾನು ಪಕ್ಕದ ಮನೆಯವನು, ಎಷ್ಟೋ ವರ್ಷ ಪಾತ್ರೆ ಸದ್ದು ಆ ಕಡೆಯಿಂದಲೇ ಕೇಳಿದೀನಿ."

"ಪಕ್ಕದ ಮನ್ಯಾಂವ ಆದ್ರ ನಿನಗೇನ್ ಗೊತ್ತಿರತೈತೋ ಯಪ್ಪಾ? ನಾ ಆಚೀ ದಂಡಿಯಾಕಿ, ನನಗ ಗೊತ್ತೈತಿ! ಸರಿ ಆ ಕಡೆ!"

ತಲೆಯ ಮೇಲೆಯೇ ಕಲ್ಲು ಏಳತೊಡಗಿದವು. ಕೆಳಗಿನಿಂದ ಕೇಳಿದಾಗ ಅದು ಮಳೆ ನಿಲ್ಲುವಾಗಿನ ಸದ್ದಿನಂತಿರುತ್ತದೆ, ಒಂದೊಂದಾಗಿ ಕಡಿಮೆಯಾಗುತ್ತ. ಫಕೀರವ್ವ ಎತ್ತುತ್ತಿದ್ದಳು, ಅವಳ ಮಗ ಈರಪ್ಪ ಎತ್ತುತ್ತಿದ್ದ. ತೊಲೆಯ ಹತ್ತಿರ ಬಂದಾಗ ಎಲ್ಲರೂ ನಿಂತರು. ಅದನ್ನು ಅಡ್ಡಾದಿಡ್ಡಿ ಎಳೆದರೆ ಉಳಿದದ್ದೂ ನಮ್ಮ ಮೇಲೆ ಬರುತ್ತಿತ್ತು. ಅಷ್ಟರಲ್ಲಿ ಗುಡ್ಡದವರು ರಾಟೆ ತಂದಿದ್ದರು. ಅವರು ಮಾತು ಕಡಿಮೆ ಆಡುವ ಜನ. "ಹ್ಞಾ", "ಹ್ಞಾ", ಇಷ್ಟೇ ಕೇಳಿತು. ತೊಲೆ ಹಗ್ಗದ ಮೇಲೆ ನಿಧಾನ ಎದ್ದಿತು. ಅದರಡಿಯಲ್ಲಿ ಬೆಳಕು, ಬೆಳಕಿನಲ್ಲಿ ಒಂದು ಅಗಲವಾದ ಕೈ.

"ಕೊಡ ಇಲ್ಲಿ ಕೂಸ್ನ," ಎಂದಳು ಫಕೀರವ್ವ.

ಮಗುವನ್ನು ಕೊಟ್ಟೆ. ಅವಳು ಅದನ್ನು ತಲೆಕೆಳಗು ಮಾಡಿ ಬೆನ್ನು ತಟ್ಟಿದಳು. ಬೀದಿಯೆಲ್ಲ ಕೇಳುವ ಹಾಗೆ ಅದು ಕಿರುಚಿತು. "ಹಾಂ, ಹಂಗ! ಬೈ ನನ್ನ!" ಎಂದು ಅವಳು ಅದನ್ನು ಎದೆಗೊತ್ತಿಕೊಂಡಳು. ಆಮೇಲೆ ನನ್ನ ಕಡೆ ಬಾಗಿದಳು. ಅವಳ ಮುಖ ಸುಣ್ಣದ ಧೂಳಿನಿಂದ ಬೆಳ್ಳಗಾಗಿತ್ತು, ಕಣ್ಣಿನಿಂದ ಕೆನ್ನೆಯ ಮೇಲೆ ಎರಡು ಗೆರೆ ಇಳಿದಿದ್ದವು. ಮಾತು ಮಾತ್ರ ಎಂದಿನಂತೆಯೇ ಇತ್ತು.

"ಒಲಿ ಸರಿಸೀದಿ. ಹೇಳೂದಿಲ್ಲೇನ್ ಬೀಗತಿ?"

"ಗೇಟು ಮುಚ್ಚಿತ್ತಲ್ಲ ಅಕ್ಕಾ," ಎಂದೆ.

"ಗೇಟ ಮುಚ್ಚಿತ್ತು. ಬಾಯಿ ಮುಚ್ಚಿತ್ತೇನು?"

"ನನ್ನ ದನಿ ಹೊಳೆಯಾಚೆಗೆ ಕೇಳುತ್ತಾ?"

"ದಿನಾ ನಾ ನಿನ್ನ ಬೈದದ್ದು ಕೇಳಿಲ್ಲೇನ್ ಹಂಗಾರ?" ಎಂದಳು, ನನ್ನ ಕಾಲ ಮೇಲಿನ ಕಲ್ಲು ಎತ್ತುತ್ತ.

ಬೈದದ್ದು ಯಾಕೆಂದು ಆಮೇಲೆ ತಿಳಿಯಿತು, ಬೇವಿನ ಮರದಡಿ ಮಂಚ ಹಾಕಿ ನನ್ನ ಕಾಲಿಗೆ ದಬ್ಬೆ ಕಟ್ಟಿದ ಮೇಲೆ. ಹೊನ್ನಪ್ಪ, ಕುಮುದಾ ಅಷ್ಟರಲ್ಲಿ ಬಂದಿದ್ದರು; ಬೀದಿಗಳೆಲ್ಲ ಮುಚ್ಚಿಹೋಗಿ ಹೊಲಗಳ ಮೇಲೆ ಬಳಸಿಕೊಂಡು ಬಂದಿದ್ದರು. ಆಸ್ಪತ್ರೆಯ ಕಟ್ಟಡಕ್ಕೆ ಏನೂ ಆಗಿರಲಿಲ್ಲ. ಕುಮುದಾ ಮಗುವನ್ನು ಕಿತ್ತುಕೊಂಡು ನೆಲದ ಮೇಲೆ ಕೂತುಬಿಟ್ಟಳು. ಹೊನ್ನಪ್ಪ ಫಕೀರವ್ವನ ಮುಂದೆ ನಿಂತು "ಒಲೆ ಅಲ್ಲಿದೆ ಅಂತ ನಿಮಗೆ ಹೇಗೆ…" ಎಂದ.

"ಹೊಗಿ," ಎಂದಳು ಅವಳು. "ದಿನಾ ಮುಂಜಾನಿ ಎದ್ದು ದಂಡಿಗೆ ಬಂದ್ರ ನಿಮ್ಮ ಮನಿ ಹೊಗಿ ಕಾಣತೈತಿ. ಇಷ್ಟು ವರ್ಷ ಪಡುವಲ ಮೂಲ್ಯಾಗ ಏಳತಿತ್ತು. ಬೀಗತಿ ಎದ್ದಾಳ, ಛಲೋ ಅದಾಳ ಅಂತ ನಾ ಒಳಗ ಹೋಗ್ತಿದ್ದೆ. ಈಗ ಒಂದಿನ ನೋಡ್ತೀನಿ, ಹೊಗಿ ಮೂಡಲ ಕಡೆ! ನನಗ ಹೇಳದ ಒಲಿ ಸರಿಸ್ಯಾಳ ಇಕಿ ಅಂತ ಹೊಟ್ಟಿ ಉರೀತು ನೋಡ್ರಿ. ಅವತ್ತಿನಿಂದ ದಿನಾ ದಂಡ್ಯಾಗ ನಿಂತು ಬೈದ ಬೈದೆ. ಇವತ್ತೂ ಬೈಕೋತನ ನಿಂತಿದ್ದೆ. ಹೊಗಿ ಏಳಾಕತ್ತಿತ್ತು. ಅಷ್ಟರಾಗ ನೆಲ ಅಲುಗಿತು, ಹೊಗಿ ಹೋತು, ಧೂಳ ಎದ್ದಿತು. ಈ ಹುಡುಗರು ನನಗಿಂತ ಮುಂದ ಓಡಿ ಬಂದು ಹಳೀ ಜಾಗಾನ ಅಗ್ಯಾಕ ಹತ್ತಿದ್ರು."

ಇಷ್ಟು ವರ್ಷ ಬೆಳಗಾದರೆ ಒಲೆ ಹಚ್ಚುತ್ತಿದ್ದೆ. ಅದನ್ನು ನೋಡಿ ನಾನು ಚೆನ್ನಾಗಿದ್ದೇನೆಂದು ತಿಳಿದುಕೊಂಡು ತನ್ನ ಕೆಲಸಕ್ಕೆ ಹೋಗುವ ಒಬ್ಬಳು ಆಚೆ ದೇಶದಲ್ಲಿದ್ದಾಳೆ ಎನ್ನುವುದು ನನಗೆ ಗೊತ್ತಿರಲಿಲ್ಲ.

ಗೇಟಿನ ಕಥೆಯನ್ನು ಹೇಳಿದವನು ಈರಪ್ಪ. ಬಿದ್ದ ಊರಿನವರು ಕಲ್ಲು ಎತ್ತಲಾರರು, ಎತ್ತುವವರಿಗೆ ಅಡುಗೆ ಮಾಡುವುದು ಅವರ ಕೆಲಸ. ನಾನು 'ಖಾರ ಹೆಚ್ಚು ಹಾಕ್ರೇ, ಆಚೆಯವರಿಗೆ ಬೇಕು, ಗುಡ್ಡದವರಿಗೆ ಹುಳಿ ಮಜ್ಜಿಗೆ ಬೇರೆ ಇಡ್ರೇ' ಎಂದು ಮಂಚದಿಂದಲೇ ಹೇಳುತ್ತಿದ್ದೆ. ಈರಪ್ಪ ತಟ್ಟೆ ಹಿಡಿದುಕೊಂಡು ಪಕ್ಕದಲ್ಲಿ ಕೂತ. "ಎಲ್ಲಾರೂ ಸೇತುವಿಗೆ ಓಡಿದ್ವಿರೀ. ಆ ಹೊಸ ಸಾಹೇಬ ಗೇಟಿನ ಮುಂದ ನಿಂತಿದ್ದ. ಫೋನ್ ಹತ್ತವಲ್ದು, ಮ್ಯಾಲಿಂದ ಆದೇಶ ಬಂದಿಲ್ಲ ಅಂದ. ನಮ್ಮವ್ವ ಮುಂದ ಹೋದ್ಲು. ನೆಲದಿಂದ ಬಂದೈತಲ್ಲ ಸಾಹೇಬ, ಅದು ಸಾಲದೇನು, ಅಂದ್ಲು. ಅಂವಾ ಕೈ ಬಿಚ್ಚಿದ. ಕೀಲಿಕೈ ಆಗಲೇ ಅವನ ಕೈಯಾಗ ಇತ್ತುರೀ. ಯಾರರೆ ಒಬ್ಬರು ಹೇಳ್ಲಿ ಅಂತ ನಿಂತಿದ್ದ ಕಾಣತೈತಿ."

"ಈಗೆಲ್ಲಿದಾನಪ್ಪ ಅವನು?"

ಈರಪ್ಪ ಬೀದಿಯ ಆ ಕಡೆ ಕೈ ತೋರಿಸಿದ. ಸಮವಸ್ತ್ರದ ಅಂಗಿ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡ ಒಬ್ಬ ಯುವಕ ನಮ್ಮ ಪೋಸ್ಟಾಫೀಸಿನ ಕಲ್ಲು ಎತ್ತುತ್ತಿದ್ದ. ಅವನಿಗೆ ಇಲ್ಲಿ ಜೋಡಿ ಮನೆಯಿಲ್ಲ, ದೂರದ ಊರಿನವನು. ಹಾಗಾಗಿ ಯಾರ ಮನೆಯೂ ಅಲ್ಲದ ಕಟ್ಟಡವನ್ನು ಆರಿಸಿಕೊಂಡಿದ್ದ. ಕುಮುದಾಳ ಕೈಯಲ್ಲಿ ಅವನಿಗೆ ಊಟ ಕಳಿಸಿದೆ.

ಎಲ್ಲರೂ ಬದುಕಿದರು ಎಂದು ನಾನು ಹೇಳಲಾರೆ. ನಮ್ಮ ಬೀದಿಯಲ್ಲೇ ಎರಡು ಮನೆಗಳಲ್ಲಿ ಸಾವಾಯಿತು. ಅವರನ್ನು ಹೊರಗೆ ತೆಗೆದವರೂ ಆಚೆಯವರೇ. ತೆಗೆದು, ಮುಖ ತೊಳೆದು, ಬಟ್ಟೆ ಸರಿಮಾಡಿ, ಆಮೇಲೆ ಮನೆಯವರನ್ನು ಕರೆದರು. ಅಂಥ ಒಂದು ಮನೆಯ ಕಲ್ಲುಬೀಗರು ಹಿಂದಿರುಗಿ ಹೋಗಲಿಲ್ಲ, ಹನ್ನೊಂದನೆಯ ದಿನದ ಊಟ ಮುಗಿಸಿಯೇ ಹೊರಟರು. ಕಲ್ಲುಬೀಗರ ನಡುವೆ ಉಪಕಾರದ ಮಾತು ಆಡುವ ರೂಢಿಯಿಲ್ಲ. ಆದರೂ ಆ ವಾರ ನಮ್ಮೂರಿನವರಿಗೆ ಬೇರೆ ಮಾತೇ ಬರಲಿಲ್ಲ. ನೀರು ಸೇದುವಾಗ, ಬೆರಣಿ ತಟ್ಟುವಾಗ, ಯಾರ ಬಾಯಲ್ಲಿ ನೋಡಿದರೂ ಆಚೆಯವರ ಹೆಸರು. ಮರಳುದಿಬ್ಬದ ಮಾತುಕತೆ ಇನ್ನೂ ನಡೆಯುತ್ತಿದೆ ಎಂದು ಪತ್ರಿಕೆಯಲ್ಲಿ ಓದುತ್ತೇನೆ. ಗೇಟು ಮಾತ್ರ ಆಮೇಲೆ ಮುಚ್ಚಿಲ್ಲ.

ಕಾಲು ಊರುವಂತಾದ ಮೇಲೆ, ತಾಲೀಮಿಗೆ ಕಾಯದೆ, ನಾನು ಕೋಲು ಹಿಡಿದುಕೊಂಡು ಸೇತುವೆ ದಾಟಿದೆ. ಫಕೀರವ್ವ ಅಂಗಳದಲ್ಲಿ ಹತ್ತಿ ಹರವುತ್ತಿದ್ದಳು. ಒಳಗೆ ಕರೆದು ಹೋಳಿಗೆ ಬಡಿಸಲು ಹೋದಳು. "ತಿನ್ನಕ್ಕೆ ಬಂದಿಲ್ಲ ಅಕ್ಕಾ. ಮನೆ ತೋರಿಸಿ," ಎಂದೆ.

"ನೋಡಿಲ್ಲೇನ್ ಇಷ್ಟು ವರ್ಷ?"

"ನೋಡಿಲ್ಲ."

ಅವಳು ನಗಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಎದ್ದಳು. ನಾನು ಅವಳಂತೆಯೇ ಮಾಡಿದೆ. ಮಂಚದ ಮೇಲೆ ಕೂತು ನೋಡಿದೆ, ಗೋಡೆ ತಟ್ಟಿದೆ, ಈರಪ್ಪನ ಹೆಂಡತಿ ಹಿಟ್ಟು ನಾದುವ ಜಾಗದಲ್ಲಿ ಕುಕ್ಕರುಗಾಲಿನಲ್ಲಿ ಕೂತೆ, ಮಕ್ಕಳು ಅಡಗುವ ಕಣಜದ ಹಿಂದೆ ತಲೆ ಹಾಕಿದೆ. ಮೊದಲೆಲ್ಲ ಕಂಡ ಮನೆಯೇ, ಆದರೆ ಎಲ್ಲವೂ ಹೊಸದು. ಕೊನೆಗೆ, "ಇಷ್ಟೇನಾ?" ಎಂದೆ.

ಫಕೀರವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಅವಳು ಮಾತಿಗೆ ತಡವರಿಸಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಆಮೇಲೆ ಹತ್ತಿ ತುಂಬಿದ ಕೋಣೆಗೆ ಹೋಗಿ, ಹತ್ತಿಯ ಅಂಡಿಗೆಗಳನ್ನು ಸರಿಸಿದಳು. ಹಿಂದೆ ಒಂದು ಗಿಡ್ಡ ಬಾಗಿಲು.

ಒಳಗೆ ಸಣ್ಣ ಕಿಟಕಿಯ ಕೋಣೆ, ತೊಳೆದಿಟ್ಟಷ್ಟು ಚೊಕ್ಕಟ. ಮಂಚದ ಮೇಲೆ ನನ್ನ ವಯಸ್ಸಿನ ಒಬ್ಬ ಹೆಂಗಸು ಕೂತು ಶೇಂಗಾ ಸುಲಿಯುತ್ತಿದ್ದಳು. ತಲೆ ಬಾಚಿ, ಹೂ ಮುಡಿಸಿತ್ತು. ನಮ್ಮನ್ನು ನೋಡಿದಳು, ಮತ್ತೆ ಸುಲಿಯತೊಡಗಿದಳು.

"ನಮ್ಮ ನಾದಿನಿ, ಸಂಗವ್ವ," ಎಂದಳು ಫಕೀರವ್ವ. ನನ್ನ ಮುಖ ನೋಡಲಿಲ್ಲ. "ಹುಟ್ಟಾ ಮಾತಿಲ್ಲ. ಮನಿ ಹೆಣ್ಮಕ್ಕಳ ಮದುವಿ ಆಗೂತನಕ ಯಾರಿಗೂ ತೋರಸಬ್ಯಾಡ ಅಂದಿದ್ರು ನಮ್ಮತ್ತಿ. ಮದುವಿನೂ ಆದ್ವು, ಅತ್ತಿನೂ ಹೋದ್ರು. ತೋರಸೂದು ಮಾತ್ರ ಹಂಗ ಉಳೀತು. ಯಾರ ಮುಂದ ಏನಂತ ಹೇಳ್ಲಿ ಅಂತ."

ನಾನು ತಲೆ ಬಗ್ಗಿಸಿ ಒಳಗೆ ಕಾಲಿಟ್ಟೆ.

"ನೀ ಕೂಗಿದ್ರ ನಿನ್ನ ದನಿ ಕೇಳಲಿಲ್ಲ ಅಂದಿ. ಈಕಿ ಕೂಗೂದೇ ಇಲ್ಲ ಬೀಗತಿ. ನೀವು ಮ್ಯಾಲ ನಿಂತು ಕರದ್ರೂ ಓ ಅನ್ನಾಕಿ ಅಲ್ಲ. ಇಲ್ಲಿ ಒಬ್ಬಾಕಿ ಅದಾಳ ಅಂತ ಗೊತ್ತಿಲ್ಲದ ನೀವು ಎಲ್ಲಾರನ್ನೂ ತಗದು, ಮುಗೀತು ಅಂತ ಕೈ ತೊಳ್ಕೊಂಡು ಹೋಗಿಬಿಡ್ತಿದ್ರಿ. ಅವತ್ತು ನಿನ್ನ ಕೂಸ್ನ ಎತ್ತಿದಾಗಿಂದ ನನಗ ಇದ ಧ್ಯಾನ." ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡಳು. "ಗುರ್ತ ಇಟ್ಕೋ."

ನಾನು ಸಂಗವ್ವನ ಪಕ್ಕದಲ್ಲಿ ಮಂಚದ ಮೇಲೆ ಕೂತೆ. ಅವಳು ಸುಲಿದ ಶೇಂಗಾ ಒಂದು ಹಿಡಿ ನನ್ನ ಉಡಿಗೆ ಹಾಕಿದಳು. ಗೋಡೆ ಎಲ್ಲಿದೆ, ಕಿಟಕಿ ಎಲ್ಲಿದೆ, ಬಾಗಿಲು ಬಿದ್ದರೆ ಯಾವ ಕಡೆ ಬೀಳುತ್ತದೆ, ನಿಧಾನವಾಗಿ ನೋಡಿಕೊಂಡೆ. ಆಮೇಲೆ ಫಕೀರವ್ವನನ್ನು ಕೇಳಿದೆ, "ತಲೆ ಯಾವ ಕಡೆ ಹಾಕಿ ಮಲಗ್ತಾರೆ?"

"ಗ್ವಾಡಿ ಕಡೆ," ಎಂದಳು ಫಕೀರವ್ವ. ಅವಳಿಗೆ ಅದರಲ್ಲಿ ಸಂದೇಹವೇ ಇರಲಿಲ್ಲ.

ಸಂಗವ್ವನ ಕೈ ನಿಂತಿತು. ಅವಳು ತಟ್ಟೆಯನ್ನು ಪಕ್ಕಕ್ಕಿಟ್ಟು, ಗೋಡೆಯ ಕಡೆಯಿದ್ದ ದಿಂಬನ್ನು ಎತ್ತಿ, ಕಿಟಕಿಯ ಕಡೆಗೆ ಇಟ್ಟಳು. ಅಂಗೈಯಿಂದ ಅದನ್ನು ಎರಡು ಸಲ ತಟ್ಟಿ ನನ್ನ ಕಡೆ ನೋಡಿದಳು.

ಫಕೀರವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದಳು. "ಅಯ್ಯ," ಎಂದಳು, ಬಹಳ ಸಣ್ಣ ದನಿಯಲ್ಲಿ. "ಇದು ನನಗೂ ಗೊತ್ತಿದ್ದಿಲ್ಲ."

"ಕಿಟಕಿ ಕಡೆ," ಎಂದೆ ನಾನು ಸಂಗವ್ವನಿಗೆ, ಅವಳ ಕಣ್ಣು ನೋಡುತ್ತ. ಅವಳು ತಲೆಯಾಡಿಸಿದಳು.